ಕಡಿಮೆ ಹೇಳಿ ಗೆದ್ದ ಕೊಲಂಬಸ್ ಸಾಹೇಬರಿಗೆ

ಮಹಾಸಾಗರದ ಅಡ್ಮಿರಲ್ ಕ್ರಿಸ್ಟೋಫರ್ ಕೊಲಂಬಸ್ ಅವರಿಗೆ ಇಂಡಿಯಾದಿಂದ ನಮಸ್ಕಾರಗಳು. ಹೌದು, ಅಸಲಿ ಇಂಡಿಯಾದಿಂದಲೇ.

ನಿಮ್ಮ ಅಂದಾಜು ಶೇಕಡಾ ಎಷ್ಟು ತಪ್ಪಿತೆಂದು ಲೆಕ್ಕ ಹಾಕಿದ್ದೇನೆ, ಸಿಟ್ಟಾಗಬೇಡಿ. ಕ್ಯಾನರಿ ದ್ವೀಪಗಳಿಂದ ಪಶ್ಚಿಮಕ್ಕೆ ಹೊರಟರೆ ಸುಮಾರು 4,400 ಕಿ.ಮೀ.ಗೆ ಜಪಾನ್ ಸಿಗುತ್ತದೆ ಎಂದಿರಿ. ಇರುವುದು ಹತ್ತಿರ ಹತ್ತಿರ 19,600. ಶಾಲೆಯ ಸೂತ್ರದಂತೆ ವ್ಯತ್ಯಾಸವನ್ನು ನಿಜವಾದ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸಿದೆ. ಶೇ. 78 ಬಂತು.

ಅಷ್ಟು ತಪ್ಪಲು ಶ್ರಮ ಬೇಕು. ಒಂಬತ್ತನೇ ಶತಮಾನದ ಅಲ್-ಫರ್ಗಾನಿ ಭೂಮಿಯ ಒಂದು ಡಿಗ್ರಿಗೆ ಐವತ್ತಾರು ಚಿಲ್ಲರೆ ಮೈಲಿ ಎಂದಿದ್ದ. ಅವನದು ಅರಬ್ಬರ ಉದ್ದನೆಯ ಮೈಲಿ. ನೀವು ಇಟಲಿಯ ಗಿಡ್ಡ ಮೈಲಿ ಎಂದುಕೊಂಡಿರಿ, ಭೂಮಿ ಕಾಲು ಭಾಗ ಕುಗ್ಗಿತು. ಅಷ್ಟಕ್ಕೇ ಬಿಡದೆ ಏಷ್ಯಾವನ್ನು ಪೂರ್ವಕ್ಕೆ ಜಗ್ಗಿ ಹಿಗ್ಗಿಸಿದಿರಿ. ಕುಗ್ಗಿದ ಗೋಳದಲ್ಲಿ ಹಿಗ್ಗಿದ ನೆಲವನ್ನು ಕಳೆದ ಮೇಲೆ ಉಳಿದ ಚೂರೇ ನಿಮ್ಮ ಸಮುದ್ರ. ಎರಡೂ ಕಡೆಯ ತಪ್ಪು ಬಂದು ಬೀಳುವುದು ಆ ಚೂರಿನ ಮೇಲೆ. ಸಂಬಳದಲ್ಲಿ ಖರ್ಚು ಕಳೆದು ಉಳಿತಾಯ ಅಂದಾಜಿಸುವ ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಸೂತ್ರ ನಿಮ್ಮ ಪಕ್ಷವೇ. ಛೇದದಲ್ಲಿ ನಿಜವಾದ ಅಳತೆ ಕೂತಿರುವುದರಿಂದ ಕಡಿಮೆ ಹೇಳುವವನ ತಪ್ಪು ಎಂದೂ ಶೇ. 100 ಮುಟ್ಟುವುದಿಲ್ಲ. ಜಪಾನ್ ಪಕ್ಕದ ಬೀದಿಯಲ್ಲಿದೆ ಎಂದಿದ್ದರೂ ನೀವು ನೂರರೊಳಗೇ ಇರುತ್ತಿದ್ದಿರಿ! ಅದೇ ಯಾರೋ ಅಂಜುಬುರುಕ 4,400 ಕಿ.ಮೀ. ದಾರಿಯನ್ನು 19,600 ಎಂದಿದ್ದರೆ ಅವನ ತಲೆಗೆ ಶೇ. 345. ಅಂಕಿಗಳು ಅವೇ, ಅಂತರವೂ ಅದೇ. ನಮ್ಮ ಕಡೆಯ ಗುತ್ತಿಗೆದಾರರು ನಿಮ್ಮನ್ನು ಓದಿರಲಾರರು, ಆದರೂ ಎಸ್ಟಿಮೇಟ್ ಬರೆಯುವಾಗ ಎತ್ತ ಕಡೆ ತಪ್ಪಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ನಿಮ್ಮ ಲೆಕ್ಕ ನಿಲ್ಲುವುದಿಲ್ಲವೆಂದು ಪೋರ್ಚುಗಲ್‌ನ ಪಂಡಿತರು ಹೇಳಿದರು. 1490ರಲ್ಲಿ ಸ್ಪೇನ್‌ನ ಸಮಿತಿಯೂ ಅದನ್ನೇ ಹೇಳಿತು. ಭೂಮಿ ಚಪ್ಪಟೆ ಎಂದು ಅವರು ನಂಬಿದ್ದರೆಂಬುದು ಆಮೇಲೆ ಹುಟ್ಟಿದ ಕಥೆ. ಭೂಮಿ ದುಂಡಗಿದೆ, ನೀವು ಹೇಳಿದ್ದಕ್ಕಿಂತ ದೊಡ್ಡದು ಎಂಬುದೇ ಅವರ ತಕರಾರು. 1492ರ ಅಕ್ಟೋಬರ್ 12ರಂದು, ಕ್ಯಾನರಿ ಬಿಟ್ಟ ಐದು ವಾರಕ್ಕೆ, ಯಾರ ಲೆಕ್ಕದಲ್ಲೂ ಇಲ್ಲದ ನೆಲ ನಿಮಗೆ ಅಡ್ಡ ಸಿಕ್ಕಿತು. ಸಿಗದಿದ್ದರೆ ಹಡಗಿನ ಉಗ್ರಾಣ ಖಾಲಿಯಾಗಿ ಸಮಿತಿಯ ವರದಿ ನಡುಗಡಲಲ್ಲಿ ಸಾಬೀತಾಗುತ್ತಿತ್ತು. ಸರಿಯಾಗಿ ಗುಣಿಸಿದ ಆ ಪಂಡಿತರಿಗೆ ಯಾವ ಊರಲ್ಲೂ ಪ್ರತಿಮೆ ನಿಲ್ಲಿಸಿದ್ದು ನಾನು ಕೇಳಿಲ್ಲ. ತಮಗೇನಾದರೂ ಗೊತ್ತಿದ್ದರೆ ತಿಳಿಸುವುದು.

ಇಂತಿ,
ಛೇದವನ್ನು ಮರೆಯದ ಒಬ್ಬ ಓದುಗ