ಪುಟ್ಟಿ ಈ ಸಲ ನೀಟ್ ಬರೆಯೋದಿಲ್ಲವಂತೆ

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಇರುವುದು ದಾಸವಾಳದ ಬೇಲಿ. ಬೆಳಿಗ್ಗೆ ದೇವರಿಗೆ ಹೂ ಕೊಯ್ಯಲು ಆಚೆಯಿಂದ ಪುಟ್ಟಿಯ ಅಮ್ಮ, ಈಚೆಯಿಂದ ನಾನು. ನಮ್ಮ ಕಷ್ಟಸುಖವೆಲ್ಲ ಅಲ್ಲೇ. ಮೊನ್ನೆ ಅವಳ ಕೈಯಲ್ಲಿ ಹೂವಿನ ಬುಟ್ಟಿ ಇರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಅಪ್ಪೆಮಿಡಿ ಒರೆಸುತ್ತಿದ್ದಳು. ನಮ್ಮ ಸಾಗರದ ಕಡೆ ಮಿಡಿಯ ತೊಟ್ಟು ಮುರಿಯಬಾರದು. ಮುರಿದರೆ ಸೊನೆ ಹೋಯಿತು, ಸೊನೆ ಹೋದರೆ ಉಪ್ಪಿನಕಾಯಿಯ ಪರಿಮಳವೂ ಹೋಯಿತು. ಒಂದೊಂದು ಮಿಡಿಯನ್ನೂ ಹಸುಗೂಸಿನ ಹಾಗೆ ಹಿಡಿದು ಒರೆಸುವವಳು ಅವಳು. ಅವತ್ತು ಮಾತ್ರ ತೊಟ್ಟುಗಳು ಅವಳ ಕೈಯಲ್ಲಿ ಪಟಪಟ ಮುರಿಯುತ್ತಿದ್ದವು.

“ಎಂತ ಆಯ್ತೇ ಮಾರಾಯ್ತಿ?” ಅಂದೆ.

“ಪುಟ್ಟಿ ಈ ಸಲ ನೀಟ್ ಬರೆಯೋದಿಲ್ಲ ಅಂತಾಳೆ ಅಕ್ಕಾ. ಸೀದಾ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿಸಿ, ಮುಂದಿನ ವರ್ಷ ಬರೀತೀನಿ ಅಂತ ಹಟ. ಅವರಪ್ಪ ಎರಡು ದಿನದಿಂದ ಮಾತೇ ಆಡ್ತಿಲ್ಲ.”

ಪರೀಕ್ಷೆಗೆ ಉಳಿದದ್ದು ಹದಿನಾರು ದಿನ. ಸೆಕೆಂಡ್ ಪಿಯು ರಿಸಲ್ಟ್ ಬಂದು ಹುಡುಗಿ ಡಿಸ್ಟಿಂಕ್ಷನ್‌ನಲ್ಲಿ ಪಾಸಾಗಿದ್ದಾಳೆ. ಸಿಇಟಿಯನ್ನೂ ಬರೆದು ಬಂದಳು. ನೀಟ್ ಅರ್ಜಿ ಹಾಕಿ, ಫೀಸು ಕಟ್ಟಿ, ಶಿವಮೊಗ್ಗ ಸೆಂಟರ್ ಕೇಳಿ ಎಲ್ಲ ಆಗಿದೆ. ಈಗ ಬೇಡ ಅಂದರೆ?

“ನಮ್ಮಕ್ಕನ ಮೊಮ್ಮಗಳು ಇದ್ದಾಳಲ್ಲ, ನ್ಯೂಜೆರ್ಸಿಲಿ? ಅವಳೂ ಅಲ್ಲಿಯ ಮೆಡಿಕಲ್ ಪರೀಕ್ಷೆನ ಮುಂದಕ್ಕೆ ಹಾಕಿದಾಳಂತೆ. ಮೇ ತಿಂಗಳದ್ದನ್ನ ಆಗಸ್ಟ್‌ಗೆ. ವಿಡಿಯೋ ಕಾಲ್‌ನಲ್ಲಿ ಅದನ್ನ ಕೇಳಿದ್ದೇ ತಡ, ಇವಳು ಹಿಡ್ಕೊಂಡ್ಲು. ಅವಳು ಹಾಕಿದ್ರೆ ಜಾಣತನ, ನಾನು ಹಾಕಿದ್ರೆ ಹೆದರಿಕೆಯಾ ಅಂತ ಕೇಳ್ತಾಳೆ. ನೀವೇ ಹೇಳಿ, ನಾನು ಎಂತ ಉತ್ತರ ಕೊಡ್ಲಿ?”

ಮೂವತ್ತು ವರ್ಷ ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡಿದವಳು ನಾನು. ಈ ಪ್ರಶ್ನೆಗೆ ಬೇಲಿ ಬಳಿ ನಿಂತು ಹೂಂಗುಟ್ಟಿ ಒಳಗೆ ಹೋಗುವುದು ಸಾಧ್ಯವಿರಲಿಲ್ಲ. ಹೂವಿನ ಬುಟ್ಟಿ ಕೆಳಗಿಟ್ಟೆ.

ಅಮೆರಿಕದ ಆ ಹುಡುಗಿ ಮಾಡಿದ್ದು ಸರಿಯೇ. ಅಲ್ಲಿನ ಎಂಕ್ಯಾಟ್ ಪರೀಕ್ಷೆ ವರ್ಷಕ್ಕೆ ಒಂದೇ ಸಲ ಬರುವಂಥದ್ದಲ್ಲ. ಜನವರಿಯಲ್ಲಿ ಕೆಲವು ದಿನ, ಆಮೇಲೆ ವಸಂತದಿಂದ ಸೆಪ್ಟೆಂಬರ್‌ವರೆಗೆ ಹಲವಾರು ದಿನ. ತಮಗೆ ಅನುಕೂಲದ ದಿನವನ್ನು ತಾವೇ ಆರಿಸಿಕೊಳ್ಳಬಹುದು. ಹತ್ತು ದಿನ ಮುಂಚಿನವರೆಗೂ ದುಡ್ಡು ಕಟ್ಟಿ ತಾರೀಖು ಬದಲಿಸಿಕೊಳ್ಳಬಹುದು. ಆದರೆ ಬರೆದದ್ದು ಲೆಕ್ಕಕ್ಕೆ ಬರುತ್ತದೆ. ಒಂದು ವರ್ಷದಲ್ಲಿ 3 ಸಲ, ಎರಡು ವರ್ಷದಲ್ಲಿ 4 ಸಲ, ಇಡೀ ಜೀವಮಾನದಲ್ಲಿ 7 ಸಲ, ಅಷ್ಟೇ. ಹೇಳದೆ ಕೇಳದೆ ಗೈರುಹಾಜರಾದರೂ ಒಂದು ಸಲ ಮುಗಿದ ಹಾಗೆ. ಒಮ್ಮೆ ಕಡಿಮೆ ಅಂಕ ತೆಗೆದರೆ ಮುಂದೆ ಅರ್ಜಿ ಹಾಕಿದ ಕಾಲೇಜಿನವರಿಗೆ ಅದೂ ಕಾಣುತ್ತದೆ. ಹಾಗಾಗಿ ಅಲ್ಲಿನ ಮಕ್ಕಳು ಏಳೂವರೆ ಗಂಟೆಯ ಪೂರ್ಣ ಅಭ್ಯಾಸ ಪರೀಕ್ಷೆಗಳನ್ನು ಮನೆಯಲ್ಲೇ ಬರೆದು ನೋಡುತ್ತಾರೆ, ಅಂಕ ಏರಲಿಲ್ಲವಾದರೆ ತಾರೀಖು ಮುಂದಕ್ಕೆ ಹಾಕುತ್ತಾರೆ. ಅಷ್ಟು ಮಾಡಿದರೂ ಅವರು ಕಳೆದುಕೊಳ್ಳುವುದು ಎರಡು ಮೂರು ತಿಂಗಳು. ತೀರಾ ಸೆಪ್ಟೆಂಬರ್‌ಗೆ ಹೋದರೆ ಮಾತ್ರ ಆ ವರ್ಷದ ಅರ್ಜಿಯ ಸರದಿಯಲ್ಲಿ ಹಿಂದೆ ಬೀಳುತ್ತಾರೆ. ಆ ಹುಡುಗಿ ನಾಲ್ಕು ವರ್ಷದ ಡಿಗ್ರಿಯ ಕೊನೆಯಲ್ಲಿರುವವಳು. ನಮ್ಮ ಪುಟ್ಟಿಗೆ ಹದಿನೆಂಟು ತುಂಬಿಲ್ಲ.

ನಮ್ಮ ನೀಟ್ ಇದಕ್ಕೆ ತೀರ ತದ್ವಿರುದ್ಧ. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಎರಡರಿಂದ ಐದು. ತಪ್ಪಿದರೆ ಮುಂದಿನ ಮೇ. ಮುಂದೂಡುವುದೆಂದರೆ ಇಲ್ಲಿ ಒಂದಿಡೀ ವರ್ಷ. ಆದರೆ ಎಷ್ಟು ಸಲ ಬರೆದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. 17 ತುಂಬಿದ್ದರೆ ಸಾಕು, ಮೇಲಿನ ವಯಸ್ಸಿಗೆ ಮಿತಿಯಿಲ್ಲ, ಪ್ರಯತ್ನಕ್ಕೂ ಮಿತಿಯಿಲ್ಲ. ಈ ವರ್ಷ 300 ಬಂದು ಮುಂದಿನ ವರ್ಷ 600 ಬಂದರೆ ಸೀಟು ಹಂಚುವಾಗ 600 ಮಾತ್ರ ನೋಡುತ್ತಾರೆ. ಹಳೆಯ 300 ಎಲ್ಲಿಯೂ ಬಾಯಿ ತೆರೆಯುವುದಿಲ್ಲ. ಅಲ್ಲಿ ತಯಾರಿಲ್ಲದೆ ಬರೆದರೆ ನಷ್ಟ. ಇಲ್ಲಿ ತಯಾರಿಲ್ಲದೆ ಬರೆದರೂ ನಷ್ಟವಿಲ್ಲ, ಬರೆಯದೆ ಕೂತರೆ ಲಾಭವಂತೂ ಇಲ್ಲವೇ ಇಲ್ಲ.

“ಹಾಗಾದ್ರೆ ಬರೆಸಣ ಅಂತೀರಾ?”

“ಪುಟ್ಟಿನ ಸಂಜೆ ಬೇಲಿ ಹತ್ರ ಕಳಿಸು. ಟೆಸ್ಟ್ ಬರೆದ ನೋಟ್‌ಬುಕ್ಕೂ ತರಲಿ” ಅಂದೆ.

ಅವಳನ್ನು ಕಾಯುತ್ತಾ ನನಗೆ ನೆನಪಾದದ್ದು ನಮ್ಮಣ್ಣನ ಮಗ. 2020ರಲ್ಲಿ ಲಾಕ್‌ಡೌನ್ ಆದಾಗ ನಮ್ಮನೆಯಲ್ಲೇ ಉಳಿದುಬಿಟ್ಟಿದ್ದ. ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಮೇ 3ರ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿದ್ದ. ಕೊರೊನಾ ಅಂತ ಪರೀಕ್ಷೆ ಜುಲೈ 26ಕ್ಕೆ ಹೋಯಿತು. ಎರಡನೇ ಸುತ್ತು ಬಿತ್ತು. ಆಮೇಲೆ ಸೆಪ್ಟೆಂಬರ್ 13ಕ್ಕೆ ಹೋಯಿತು. ಮೂರನೇ ಸುತ್ತು. ಮೊದಲ ಸಲ ಮುಂದೂಡಿದಾಗ ಖುಷಿಪಟ್ಟು ಹೆಚ್ಚು ಓದಿದ. ಎರಡನೇ ಸಲ ಸುಸ್ತಾದ. ಆಮೇಲೆ ಅವನು ಓದುವುದನ್ನು ಬಿಟ್ಟು ಸುದ್ದಿ ಕಾಯತೊಡಗಿದ. ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿದೆ ಅತ್ತೆ, ಮತ್ತೆ ಮುಂದೆ ಹಾಕೇ ಹಾಕ್ತಾರೆ ಅನ್ನುತ್ತಿದ್ದ. ಫಿಸಿಕ್ಸ್ ಪುಸ್ತಕದ ಮೇಲೆ ಮೊಬೈಲು, ಮೊಬೈಲಿನ ಮೇಲೆ ಕಣ್ಣು. ಆಗಸ್ಟ್ 17ರಂದು ಕೋರ್ಟು ಅರ್ಜಿ ತಳ್ಳಿಹಾಕಿತು. ಉಳಿದದ್ದು ಇಪ್ಪತ್ತೇಳು ದಿನ. ಹುಡುಗ ಆ ರಾತ್ರಿ ಊಟ ಮಾಡಲಿಲ್ಲ. ಆ ವರ್ಷ ಅವನಿಗೆ ಸೀಟು ಸಿಗಲಿಲ್ಲ. 2021ರಲ್ಲಿ ಮತ್ತೆ ಬರೆದ, ಆಗಲೂ ಆಗಸ್ಟ್ 1ರ ಪರೀಕ್ಷೆ ಸೆಪ್ಟೆಂಬರ್ 12ಕ್ಕೆ ಹೋಯಿತು, ಆದರೆ ಆ ಸಲ ಅವನು ಕ್ಯಾಲೆಂಡರಿಗೆ ಸುತ್ತು ಹಾಕಲಿಲ್ಲ. ದಿನಕ್ಕೆ ಇಷ್ಟು ಪಾಠ ಅಂತ ಓದಿಕೊಂಡು ಹೋದ, ಡೆಂಟಲ್ ಸೀಟು ತೆಗೆದುಕೊಂಡ.

ಮಕ್ಕಳೇ, ಈ ‘ಮುಂದೆ ಹಾಕ್ತಾರಂತೆ’ ಎನ್ನುವ ಮಾತನ್ನು ನಂಬಬೇಡಿ. 2022ರಲ್ಲೂ ಮುಂದೂಡಿ ಎಂದು ದೆಹಲಿ ಹೈಕೋರ್ಟಿನವರೆಗೆ ಹೋದರು. ಅರ್ಜಿ ವಜಾ ಆಯಿತು, ಜುಲೈ 17ಕ್ಕೆ ಪರೀಕ್ಷೆ ನಡೆದೇ ನಡೆಯಿತು. ಆದರೆ 2024ರ ಜೂನ್ 23ರ ಪಿಜಿ ನೀಟನ್ನು ಹಿಂದಿನ ರಾತ್ರಿ ಮುಂದೂಡಿದ್ದೂ ಉಂಟು. ಸೆಂಟರಿರುವ ಊರು ತಲುಪಿ ಲಾಡ್ಜಿನಲ್ಲಿ ಉಳಿದಿದ್ದ ಡಾಕ್ಟರುಗಳು ಬ್ಯಾಗು ಕಟ್ಟಿಕೊಂಡು ವಾಪಸಾದರು. ಅದು ಯಾರ ಕೈಯಲ್ಲೂ ಇಲ್ಲದ ಸಂಗತಿ. ಅದಕ್ಕಾಗಿ ಕಾದು ಕೂರುವ ಒಂದೊಂದು ದಿನವೂ ನಿಮ್ಮದೇ ಕೈಯಿಂದ ಹೋಗುತ್ತದೆ.

ಸಂಜೆ ಪುಟ್ಟಿ ಬಂದಳು. ಕಣ್ಣಿನ ಕೆಳಗೆ ಕಪ್ಪು, ಬೆರಳ ತುದಿಯಲ್ಲಿ ಕಪ್ಪು ಬಾಲ್‌ಪೆನ್ನಿನ ಮಸಿ. ಓಎಂಆರ್ ಹಾಳೆಯಲ್ಲಿ ಗುಂಡು ತುಂಬಿ ತುಂಬಿ ಆದದ್ದು. ನೋಟ್‌ಬುಕ್ಕನ್ನು ಬೇಲಿಯ ಮೇಲಿಂದ ಚಾಚಿದಳು. ಕೊನೆಯ ಮೂರು ಟೆಸ್ಟಿನ ಅಂಕ 402, 388, 415. ಬಯಾಲಜಿಯಲ್ಲಿ 360ಕ್ಕೆ 280ರ ಮೇಲೆ. ಹುಡುಗಿ ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲುಸಾಲಾಗಿ ಓದಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಫಿಸಿಕ್ಸ್ ಮಾತ್ರ 180ಕ್ಕೆ 40 ದಾಟಿಲ್ಲ. ಗೊತ್ತಿಲ್ಲದ ಪ್ರಶ್ನೆಗೆಲ್ಲ ಅಂದಾಜಿನಲ್ಲಿ ಗುಂಡು ತುಂಬಿದ್ದಾಳೆ. ಸರಿಯಾದರೆ 4, ತಪ್ಪಾದರೆ ಒಂದು ಕಳೆಯುವ ಪರೀಕ್ಷೆ ಇದು. ಒಂದೇ ಟೆಸ್ಟಿನಲ್ಲಿ ಇಪ್ಪತ್ತಮೂರು ಅಂಕ ಹೀಗೆ ಸೋರಿಹೋಗಿತ್ತು.

“ಈ ಅಂಕಕ್ಕೆ ಸರ್ಕಾರಿ ಸೀಟು ಕಷ್ಟ ಪುಟ್ಟಿ” ಅಂದೆ. ಮಕ್ಕಳಿಗೆ ಸುಳ್ಳು ಸಮಾಧಾನ ಹೇಳಬಾರದು, ಅವರಿಗೆ ಗೊತ್ತಾಗಿಬಿಡುತ್ತದೆ. “ಆದರೆ ಬರೆಯದೇ ಇರೋದು ಯಾಕೆ? ಲಾಂಗ್ ಟರ್ಮ್ ಆಮೇಲೂ ಸೇರಬಹುದಲ್ಲ?”

ಅವಳು ದಾಸವಾಳದ ಎಲೆ ಕಿತ್ತು ಮಡಚುತ್ತಾ ನಿಂತಳು. ಆಮೇಲೆ ಮೆಲ್ಲಗೆ ಹೇಳಿದಳು. “ಬರೆದ್ರೆ ರಿಸಲ್ಟ್ ಬರುತ್ತೆ ದೊಡ್ಡಮ್ಮ. ರಿಸಲ್ಟ್ ಬಂದ್ರೆ ಎಲ್ರೂ ಫೋನ್ ಮಾಡ್ತಾರೆ.”

ಹುಡುಗಿಗೆ ಪರೀಕ್ಷೆಯ ಭಯವಿಲ್ಲ ಎಂದು ಆಗ ತಿಳಿಯಿತು. ಜೂನ್ ತಿಂಗಳ ಫೋನುಗಳಿಗೆ ಅವಳು ಹೆದರಿದ್ದಳು. ಚಿಕ್ಕಪ್ಪ, ಮಾವ, ಕಾಲೇಜಿನ ಗೆಳತಿಯ ಅಮ್ಮ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು, ಎಲ್ಲರ ಬಾಯಲ್ಲೂ ‘ಎಷ್ಟು ಬಂತು?’ ಆ ಒಂದು ಪ್ರಶ್ನೆ ತಪ್ಪಿಸಿಕೊಳ್ಳಲು ಒಂದು ವರ್ಷವನ್ನೇ ಕೊಡಲು ಹುಡುಗಿ ತಯಾರಾಗಿದ್ದಳು. ನನಗೆ ಹೊಟ್ಟೆ ಚುರ್ ಅಂದಿತು. ಎಷ್ಟು ಮಕ್ಕಳನ್ನು ನಾನೇ ಕಾರಿಡಾರಿನಲ್ಲಿ ನಿಲ್ಲಿಸಿ ಆ ಪ್ರಶ್ನೆ ಕೇಳಿಲ್ಲ!

ನಾನು ಹೇಳಿದ್ದು ಇಷ್ಟು. ಈ ಸಲ ಬರಿ. ಅರ್ಧ ತೋಳಿನ ಚೂಡಿದಾರ, ಹವಾಯಿ ಚಪ್ಪಲಿ, ಕಿವಿಯೋಲೆ ತೆಗೆದಿಟ್ಟು ತಪಾಸಣೆಯ ಸಾಲಿನಲ್ಲಿ ನಿಲ್ಲೋದು, ಒಂದೂವರೆಗೆ ಗೇಟು ಮುಚ್ಚೋದು, ಅವರೇ ಕೊಡುವ ಪೆನ್ನಿನಲ್ಲಿ 180 ಪ್ರಶ್ನೆಗೆ 180 ನಿಮಿಷ. ಇದನ್ನು ಯಾವ ಕೋಚಿಂಗ್‌ನಲ್ಲೂ ಕಲಿಸೋಕೆ ಆಗೋದಿಲ್ಲ. ಈ ಹದಿನಾರು ದಿನ ಫಿಸಿಕ್ಸನ್ನೆಲ್ಲ ಮುಗಿಸುತ್ತೇನೆ ಅಂತ ಹೋಗಬೇಡ, ಬರುವ ನಾಲ್ಕು ಪಾಠ ಗಟ್ಟಿ ಮಾಡಿಕೋ, ಬಾರದ ಪ್ರಶ್ನೆಯ ಗುಂಡನ್ನು ಖಾಲಿ ಬಿಡು. ರಿಸಲ್ಟು ಬಂದ ದಿನ ಅಂಕ ಗೊತ್ತಾಗುವುದು ಮೂರು ಜನಕ್ಕೆ, ನಿನಗೆ, ಅಪ್ಪನಿಗೆ, ಅಮ್ಮನಿಗೆ. ನನಗೂ ಬೇಡ. ಒಂದು ವರ್ಷ ಕೊಡಬೇಕೋ ಬೇಡವೋ ಅನ್ನೋದನ್ನು ಆ ಹಾಳೆ ಮುಂದಿಟ್ಟುಕೊಂಡು ಆಗ ಕೂತು ಯೋಚಿಸು.

ಲಾಂಗ್ ಟರ್ಮ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ರಿಪೀಟರ್ಸ್ ಆಗಿ ಓದಿ ಡಾಕ್ಟರಾದ ನನ್ನ ಶಿಷ್ಯರು ಬೇಕಾದಷ್ಟು ಜನ ಇದ್ದಾರೆ. ಪುಟ್ಟಿಯಂಥವಳಿಗೆ ಒಂದು ವರ್ಷ ಕೊಡುವುದು ಸರಿಯೇ, ಯಾಕೆಂದರೆ ಅಂಕ ಎಲ್ಲಿ ಸೋರುತ್ತಿದೆ ಎಂದು ಗೊತ್ತಿದೆ, ಬಯಾಲಜಿ ಕೈಯಲ್ಲಿದೆ. ಪಿಯು ಮುಗಿದಿರುವುದರಿಂದ ಬೋರ್ಡ್ ಪರೀಕ್ಷೆಯ ಗೋಜಿಲ್ಲ, ಲ್ಯಾಬ್ ರೆಕಾರ್ಡಿನ ಗೋಜಿಲ್ಲ. ಆದರೆ ಆ ವರ್ಷ ಬೇಕು ಅನ್ನುವ ಮಾತು ಹುಡುಗಿಯ ಬಾಯಿಂದ ಬರಬೇಕು. ಅಪ್ಪನ ಆಸೆಗೆ ಮನೆ ಬಿಟ್ಟು ಹಾಸ್ಟೆಲಿನಲ್ಲಿ ಕೂತ ಮಕ್ಕಳ ಮುಖ ನಾನು ನೋಡಿದ್ದೇನೆ. ಎರಡನೇ ಸಲಕ್ಕೆ ನನ್ನ ಒಪ್ಪಿಗೆ ಇದೆ. ಮೂರು, ನಾಲ್ಕನೇ ಸಲಕ್ಕೆ ಇಲ್ಲ.

ಇನ್ನೊಂದು ಮಾತು ಅವಳಮ್ಮನಿಗೆ ಹೇಳಿದೆ. ಮುಂದಿನ ವರ್ಷದ ಪ್ರಶ್ನೆಪತ್ರಿಕೆ ಹೇಗಿರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. 2024ರ ಮೊದಲ ಪಟ್ಟಿಯಲ್ಲಿ 67 ಜನರಿಗೆ 720ಕ್ಕೆ 720 ಬಂದಿತ್ತು. ಸುಪ್ರೀಂ ಕೋರ್ಟು ನೋಡಿದ ಮೇಲೆ ಪಟ್ಟಿ ಪರಿಷ್ಕರಣೆಯಾಗಿ ಅದು 17ಕ್ಕೆ ಇಳಿಯಿತು. ಮರುವರ್ಷ ಇಡೀ ದೇಶಕ್ಕೆ ಮೊದಲು ಬಂದವರ ಅಂಕವೇ 686. ಫಿಸಿಕ್ಸ್ ಅಷ್ಟು ಕಷ್ಟ ಬಂದಿತ್ತು, ಪ್ರಶ್ನೆ ಆರಿಸಿಕೊಳ್ಳುವ ಅವಕಾಶವನ್ನೂ ತೆಗೆದುಹಾಕಿದ್ದರು. 2024ರಲ್ಲಿ ಕಡಿಮೆಯಾಯಿತು ಅಂತ ಒಂದು ವರ್ಷ ಕೊಟ್ಟವರಿಗೆ ಬೇರೆಯೇ ಪರೀಕ್ಷೆ ಎದುರಾಯಿತು. ಹಾಗಾಗಿ ಲಾಂಗ್ ಟರ್ಮ್‌ಗೆ ಕಳಿಸಿದರೂ ಸಿಇಟಿ ದಾರಿ ಮುಚ್ಚಬೇಡ. ಪಶುವೈದ್ಯ, ಕೃಷಿ, ಬಿ.ಎಸ್‌ಸಿ ನರ್ಸಿಂಗ್ ಎಲ್ಲಕ್ಕೂ ಅದರಲ್ಲೇ ಸೀಟು. ಜೀವ ಉಳಿಸುವ ಕೆಲಸ ಎಂಬಿಬಿಎಸ್ ಒಂದರಲ್ಲೇ ಇಲ್ಲ. ಮಗು ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂದಿಯಲ್ಲ, ಅದನ್ನು ಹಗುರವಾಗಿ ತಗೋಬೇಡ. ಟೆಲಿ ಮಾನಸ್ ಅಂತ 14416 ನಂಬರ್ ಇದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಬರೆದಿಟ್ಟುಕೋ.

ಮರುದಿನ ಬೆಳಿಗ್ಗೆ ಹೂ ಕೊಯ್ಯುವಾಗ ಆಚೆ ಹಿತ್ತಲಲ್ಲಿ ಅಪ್ಪ ಮಗಳು ಮಾತಾಡುವುದು ಕೇಳಿಸಿತು. ಶಿವಮೊಗ್ಗಕ್ಕೆ ಬೆಳಿಗ್ಗೆ ಎಷ್ಟು ಗಂಟೆ ಬಸ್ಸಿಗೆ ಹೊರಡಬೇಕು ಅನ್ನುವ ಲೆಕ್ಕಾಚಾರ. ಭರಣಿಯಲ್ಲಿ ಮಿಡಿ ಉಪ್ಪಿಗೆ ಬಿದ್ದಾಗಿತ್ತು.

ಇದನ್ನು ಓದುತ್ತಿರುವ ನಿಮ್ಮ ಬೀದಿಯಲ್ಲೂ ಈ ವರ್ಷ ನೀಟ್ ಬರೆಯುವ ಮಗು ಒಂದಾದರೂ ಇರುತ್ತದೆ. ರಿಸಲ್ಟ್ ಬಂದ ದಿನ ಅದರ ಮನೆಗೆ ಫೋನ್ ಮಾಡಬೇಡಿ. ಎದುರಿಗೆ ಸಿಕ್ಕರೆ ಊಟ ಆಯ್ತಾ ಅಂತ ಕೇಳಿ. ಎಷ್ಟು ಬಂತು ಅಂತ ದಯವಿಟ್ಟು ಕೇಳಬೇಡಿ.