ಇಲ್ಲದ ದೇವರಿಗೆ ಎಷ್ಟೊಂದು ಕಾವಲು!

ದೇವರಿಲ್ಲ ಎಂಬುದು ಚೀನಾದ ಕಮ್ಯುನಿಸ್ಟ್ ಪಕ್ಷಕ್ಕೆ ಖಾತ್ರಿಯಾಗಿ ಗೊತ್ತು. ಸದಸ್ಯರು ನಾಸ್ತಿಕರೇ ಆಗಿರಬೇಕೆಂಬುದು ಪಕ್ಷದ ಕಟ್ಟಪ್ಪಣೆ. ಆದರೆ ಆ ಇಲ್ಲದ ದೇವರು ಯಾವ ಕಟ್ಟಡದಲ್ಲಿ ಬಿಡಾರ ಹೂಡಬೇಕು, ಅವನ ಪರವಾಗಿ ಯಾರು ಮಾತಾಡಬೇಕು, ಯಾರು ಕೇಳಿಸಿಕೊಳ್ಳಬಾರದು ಎಂದು ನಿಯಮ ಬರೆದೂ ಬರೆದೂ, ಪಾಪ, ಅದೇ ಪಕ್ಷದ ಬೆರಳು ಸವೆದಿವೆ. ಟಿಬೆಟಿನ ಲಾಮಾಗಳು ಮತ್ತೆ ಹುಟ್ಟಿ ಬರುವುದಕ್ಕೂ ಸರ್ಕಾರದ ಒಪ್ಪಿಗೆ ಬೇಕೆಂದು 2007ರಲ್ಲಿ ಆದೇಶ ಹೊರಟಿತು. ಪುನರ್ಜನ್ಮ ನಂಬದವರೇ ಪುನರ್ಜನ್ಮಕ್ಕೆ ಲೈಸೆನ್ಸ್ ಕೊಡುವ ವ್ಯವಸ್ಥೆ ಬೇರೆಲ್ಲಾದರೂ ಇದ್ದರೆ ಹೇಳಿ.

ಇಂಥ ದೇಶದ ಚೆಂಗ್ಡು ನಗರದಲ್ಲಿ, ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿಗೆ ಈ ಯೇಸು ಯಾರು ಎಂಬ ಕುತೂಹಲ ಹುಟ್ಟಿತೆಂದು ಇಟ್ಟುಕೊಳ್ಳಿ. ಅವಳಿಗೆ ನಮ್ಮದೂ ಒಂದಿಷ್ಟು ಹಿತವಚನ ಇರಲಿ.

ತಂಗೀ, ಮೊದಲು ನಿನ್ನ ದೇಶದ ಸಂವಿಧಾನ ಓದು. 36ನೇ ವಿಧಿ ಧಾರ್ಮಿಕ ನಂಬಿಕೆಯ ಸ್ವಾತಂತ್ರ್ಯ ಕೊಟ್ಟಿದೆ. ‘ಸಾಮಾನ್ಯ’ ಧಾರ್ಮಿಕ ಚಟುವಟಿಕೆಗೆ ರಕ್ಷಣೆಯೂ ಇದೆ. ಯಾವುದು ಸಾಮಾನ್ಯ ಎಂಬುದನ್ನು ಪೊಲೀಸರು ಬಂದು ಬಾಗಿಲು ತಟ್ಟಿದ ಮೇಲೆ ತಿಳಿಸುತ್ತಾರೆ.

ಆಮೇಲೆ ಬೈಬಲ್ ಬೇಕಲ್ಲ? ಜಗತ್ತಿನ ಅತಿ ದೊಡ್ಡ ಬೈಬಲ್ ಮುದ್ರಣಾಲಯ ನಿಮ್ಮ ನಾನ್‌ಜಿಂಗ್‌ನಲ್ಲೇ ಇದೆ. ಅಲ್ಲಿ ಅಚ್ಚಾದ ಪ್ರತಿಗಳು 20 ಕೋಟಿ ದಾಟಿವೆ. ಆದರೆ ಪುಸ್ತಕದಂಗಡಿಗೆ ಹೋಗಿ ಕೇಳಬೇಡ, ಸಿಗುವುದಿಲ್ಲ. 2018ರ ಏಪ್ರಿಲ್ ಹೊತ್ತಿಗೆ ಆನ್‌ಲೈನ್ ಅಂಗಡಿಗಳಿಂದಲೂ ಅದು ಮಾಯವಾಯಿತು. ಚೀನಾದಲ್ಲೇ ತಯಾರಾಗಿ ಚೀನೀಯರ ಮೊಬೈಲಿಗೆ ಮಾತ್ರ ಸಿಗದ ಸರಕು ಇದೊಂದೇ ಇರಬೇಕು. ಸರ್ಕಾರ ಒಪ್ಪಿದ ಚರ್ಚಿಗೇ ಹೋಗಿ ಕೊಳ್ಳಬೇಕು.

ಆ ಚರ್ಚುಗಳ ಒಕ್ಕೂಟದ ಹೆಸರು ‘ತ್ರೀ-ಸೆಲ್ಫ್ ದೇಶಭಕ್ತ ಚಳವಳಿ’. ಸ್ವಂತ ಆಡಳಿತ, ಸ್ವಂತ ಹಣ, ಸ್ವಂತ ಪ್ರಚಾರ; ಮೂರರ ಕೀಲಿಕೈ ಮಾತ್ರ ಪಕ್ಷದ ಸೊಂಟದಲ್ಲಿ. ಪೂಜಾಸ್ಥಳಗಳು ಪಕ್ಷದ ನಾಯಕತ್ವವನ್ನು ಎತ್ತಿಹಿಡಿಯಬೇಕು, ಷಿ ಜಿನ್‌ಪಿಂಗ್ ಚಿಂತನೆಯನ್ನು ಜಾರಿಗೆ ತರಬೇಕು ಎಂದು 2023ರ ನಿಯಮ ಹೇಳುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮದು. ನಿಮ್ಮಲ್ಲಿ ಪೂಜಾರಿಯೂ ಕೈಕಟ್ಟಿ ನಿಂತಿದ್ದಾನೆ. ವರ ಮಂಜೂರು ಮಾಡುವವನು ಪಕ್ಷದ ಕಾರ್ಯದರ್ಶಿ.

ಈ ತಾಪತ್ರಯವೇ ಬೇಡ, ನಾಲ್ಕು ಜನ ಸೇರಿ ನಮ್ಮ ಪಾಡಿಗೆ ಪ್ರಾರ್ಥಿಸುತ್ತೇವೆ ಅನ್ನುತ್ತೀಯಾ? ನಿನ್ನ ಊರಿನದೇ ಕಥೆ ಕೇಳು. ನೋಂದಣಿಯಿಲ್ಲದ ಅರ್ಲಿ ರೇನ್ ಚರ್ಚಿನ ಮೇಲೆ 2018ರ ಡಿಸೆಂಬರ್ 9ರಂದು ಪೊಲೀಸರು ಮುಗಿಬಿದ್ದು ನೂರಕ್ಕೂ ಹೆಚ್ಚು ಜನರನ್ನು ಹಿಡಿದೊಯ್ದರು. ಪಾದ್ರಿ ವಾಂಗ್ ಯಿ ಅವರಿಗೆ ಮರುವರ್ಷ ಒಂಬತ್ತು ವರ್ಷ ಜೈಲಾಯಿತು. ಅಕ್ರಮ ವ್ಯಾಪಾರದ ಜೊತೆಗೆ, ಪ್ರಭುತ್ವ ಉರುಳಿಸಲು ಪ್ರಚೋದನೆ ನೀಡಿದ ಅಪರಾಧ! ಅವರು ಮೊದಲು ಕಾನೂನು ಪಾಠ ಹೇಳುತ್ತಿದ್ದವರು. 36ನೇ ವಿಧಿಯನ್ನು ನಿಜವೆಂದೇ ನಂಬಿದ್ದಿರಬೇಕು. ಸುಮಾರು 20 ಲಕ್ಷ ಸೈನಿಕರಿರುವ ಸರ್ಕಾರ ಒಂದು ಪ್ರಾರ್ಥನೆಗೆ ಉರುಳೀತು ಎಂಬ ಭಯ ನೋಡು. ಪ್ರಾರ್ಥನೆಯ ಶಕ್ತಿಯಲ್ಲಿ ಇಷ್ಟು ಅಚಲ ನಂಬಿಕೆ ಭಕ್ತರಿಗೂ ಇರುವುದಿಲ್ಲ.

2018ರಲ್ಲೇ ಬೀಜಿಂಗಿನ ಜಿಯಾನ್ ಚರ್ಚು, ಒಳಗೆ ಕ್ಯಾಮೆರಾ ಹಾಕಿಸಲು ಒಪ್ಪದೆ ಕೊನೆಗೆ ಬಾಗಿಲು ಮುಚ್ಚಿಸಿಕೊಂಡಿತು. ಎಲ್ಲವನ್ನೂ ನೋಡುವವನು ದೇಶಕ್ಕೆ ಒಬ್ಬನೇ ಸಾಕಲ್ಲ! ಷಾನ್‌ಷಿ ಪ್ರಾಂತ್ಯದ ಲಿನ್‌ಫೆನ್‌ನಲ್ಲಿ ಇನ್ನೊಂದು ಚರ್ಚನ್ನು ಸ್ಫೋಟಕ ಇಟ್ಟು ಕೆಡವಿದರು. ಇಲ್ಲದವನ ಮನೆ ಖಾಲಿ ಮಾಡಿಸಲು ಡೈನಮೈಟ್ ಬೇಕಾಯಿತು.

ಇಷ್ಟೆಲ್ಲ ಮಾಡಿ ಗಿಟ್ಟಿದ್ದೇನು? 1949ರಲ್ಲಿ ಪಕ್ಷ ಅಧಿಕಾರಕ್ಕೆ ಬಂದಾಗ ಚೀನಾದ ಪ್ರಾಟೆಸ್ಟಂಟರು ಸುಮಾರು 10 ಲಕ್ಷ. ಕೆಲವೇ ವರ್ಷಗಳಲ್ಲಿ ವಿದೇಶಿ ಮಿಷನರಿಗಳನ್ನು ಹೊರಗಟ್ಟಿದರು. 1966ರ ಸಾಂಸ್ಕೃತಿಕ ಕ್ರಾಂತಿಯಲ್ಲಿ ಚರ್ಚುಗಳಿಗೆ ಬೀಗ ಜಡಿದರು. ಆದರೂ 2018ರಲ್ಲಿ ಸರ್ಕಾರವೇ ಹೊರಡಿಸಿದ ಶ್ವೇತಪತ್ರದ ಪ್ರಕಾರ ಅವರ ಸಂಖ್ಯೆ 3.8 ಕೋಟಿ. ಬೀಗ ಜಡಿಸಿಕೊಂಡೂ ಈ ಪರಿ ಬೆಳೆದ ಧರ್ಮಕ್ಕೆ ಪ್ರಚಾರಕರು ಯಾರಿದ್ದಾರು? ಈ ಹುಡುಗಿಯ ತಲೆಗೆ ದೇವರನ್ನು ತುಂಬಿದವರು ಯಾರೆಂದು ಹುಡುಕುವ ಪೊಲೀಸರು ಊರೆಲ್ಲ ಅಲೆಯುವುದು ಬೇಡ. ಮೊದಲು ಪಕ್ಷದ ಕಚೇರಿಯಲ್ಲೇ ವಿಚಾರಿಸುವುದು ಒಳ್ಳೆಯದು.