ಸೆಪ್ಟೆಂಬರ್ 17ರ ಭಾಷಣ ಮೀಮಾಂಸೆ: ಯಡ್ರಾಮಿಯ ನೆಲೆಯಲ್ಲಿ ಒಂದು ಬಹುಆಯಾಮಿ ಅನುಸಂಧಾನ

1. ಪ್ರವೇಶಿಕೆ

ಪ್ರಸ್ತುತ ಸಂಪ್ರಬಂಧವು ಕಲ್ಯಾಣ ಕರ್ನಾಟಕದಲ್ಲಿ ವರ್ಷಕ್ಕೊಮ್ಮೆ ಸಂಭವಿಸುವ ಭಾಷಣವೆಂಬ ವಿದ್ಯಮಾನವನ್ನು ಅದರ ತಾತ್ವಿಕ, ಧ್ವನಿವರ್ಧಕೀಯ ಹಾಗೂ ಶಾಮಿಯಾನಾತ್ಮಕ ನೆಲೆಗಳಲ್ಲಿ ನಿರ್ವಚಿಸಲು ಹವಣಿಸುತ್ತದೆ. ಅಧ್ಯಯನದ ವ್ಯಾಪ್ತಿ: 2017ರಲ್ಲಿ ಘೋಷಣೆಯಾಗಿ ಜೇವರ್ಗಿಯಿಂದ ಬೇರೆಯಾದ, ಕಲಬುರಗಿ ಜಿಲ್ಲೆಯ ಯಡ್ರಾಮಿ ತಾಲೂಕು. ಅಧ್ಯಯನದ ಮಿತಿ: ಬಿಸಿಲು.

2. ಚಾರಿತ್ರಿಕ ಪರಿಪ್ರೇಕ್ಷ್ಯ

ದೇಶಕ್ಕೆ 1947ರ ಆಗಸ್ಟಿನಲ್ಲಿ ಬಂದ ಸ್ವಾತಂತ್ರ್ಯ ಈ ನೆಲ ಮುಟ್ಟಲು ಹದಿಮೂರು ತಿಂಗಳು ಹಿಡಿಯಿತು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಈ ನೆಲವಿದ್ದ ಹೈದರಾಬಾದ್ ಸಂಸ್ಥಾನದೊಳಗೆ ಹೊಕ್ಕಿತು. 17ಕ್ಕೆ ನಿಜಾಮ ಶರಣಾದ; ಭಾಷಣ ಆ ದಿನದ ನೆನಪಿಗೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಮಿಗೂ 2012ರ ತಿದ್ದುಪಡಿಯವರೆಗೆ ಕಾದೆವು. ತಡವಾಗುವುದೇ ನಮ್ಮ ಪ್ರಾದೇಶಿಕ ಅಸ್ಮಿತೆ ಎಂಬ ಈ ಪ್ರಮೇಯವನ್ನು ಇನ್ನು ಮುಂದೆ 'ವಿಳಂಬವಾದ' ಎನ್ನಲಾಗುವುದು.

3. ವರ್ಗೀಕರಣ

(ಅ) ಧ್ವಜಪೂರ್ವ ಭಾಷಣ: ಮುಖ್ಯ ಅತಿಥಿಗಳು ಬರುವತನಕ ಮೈಕ್ ಕಾಯುವವರದು. ಪ್ರಧಾನ ಲಕ್ಷಣ, 'ಹಲೋ, ಹಲೋ, ಚೆಕ್'.

(ಆ) ಧ್ವಜೋತ್ತರ ಭಾಷಣ: ಸರ್ದಾರ್ ಪಟೇಲರ ಸ್ಮರಣೆ, ನಿಜಾಮನ ಪರದ ಸಶಸ್ತ್ರ ರಜಾಕಾರರ ಖಂಡನೆ, ಹಿಂದಿನ ಸರ್ಕಾರದ ನಿಂದೆ ಎಂಬ ತ್ರಿಪದಿ ವಿನ್ಯಾಸ. ಶ್ರೋತೃ ಪ್ರತಿಕ್ರಿಯೆ: 'ಜಲ್ದಿ ಮುಗಸ್ರಿ ಸಾಹೇಬ್ರ, ಬಸ್ಸಿನ ಟೈಮ್ ಆಗ್ಯಾದ.'

(ಇ) ನಾಮಾಂತರ ಭಾಷಣ: 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಇದಕ್ಕೆ ಬೇಕಾದದ್ದು ಒಂದು ಆದೇಶ, ಒಬ್ಬ ಪೇಂಟರ್. ವಿಳಂಬವಾದಕ್ಕೆ ದೊರೆತ ಏಕೈಕ ಅಪವಾದವಿದು.

(ಈ) ಇರಲಿ ಬಿಡಿ. (ಈ)ಯಿಂದ (ಳ)ವರೆಗೆ ಎಲ್ಲವೂ ಅದೇ ಭಾಷಣ.

4. ದತ್ತಾಂಶ ವಿಶ್ಲೇಷಣೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದ 114 ತಾಲೂಕುಗಳನ್ನು ಗುರುತಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಜೇವರ್ಗಿ, ಆಳಂದ, ಅಫಜಲಪುರ ಮೂರೂ ಆ 39ರೊಳಗಿದ್ದವು. ಎರಡು ವರ್ಷಕ್ಕೆ ಜೇವರ್ಗಿಯ ಶಾಸಕ ಧರ್ಮಸಿಂಗ್ ಮುಖ್ಯಮಂತ್ರಿಯಾದರು. ಅಂದಮೇಲೆ ಅಧಿಕಾರಕ್ಕೂ ಅಭಿವೃದ್ಧಿಗೂ 'ಅಸಂಬಂಧಿತ ಸಹಸಂಬಂಧ' ಇರುವುದು ಸಿದ್ಧವಾಯಿತು. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆಗೆ ಬಂದದ್ದು ಶೇ 42.43 ಫಲಿತಾಂಶ, ರಾಜ್ಯಕ್ಕೇ ಕೊನೆಯ ಸ್ಥಾನ. ಫೇಲಾದ ಹುಡುಗ ತೊಗರಿ ರಾಶಿ ಮುಗಿಸಿ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾನೆ. ವೇದಿಕೆಯ ಮೇಲೆ ಅವನ ಹೆಸರು 'ಯುವಶಕ್ತಿ'.

5. ಹೇಳದೆ ಬಿಟ್ಟದ್ದು

ಪರಿಭಾಷೆ ಇಲ್ಲಿಗೆ ಸಾಕು.

1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಕಗ್ಗೊಲೆ ನಡೆಸಿದರು. ಸೆಪ್ಟೆಂಬರಿನ ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಕೊಲೆ, ಲೂಟಿ ನಡೆಯಿತು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರು 27,000ದಿಂದ 40,000 ಇರಬಹುದೆಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ವರದಿಯನ್ನು ದಶಕಗಟ್ಟಲೆ ಮುಚ್ಚಿಟ್ಟರು. ಒಬ್ಬರ ಮೈಕಿಗೆ ಗೋರಟಾ ಒಂದೇ ಗೊತ್ತು. ಇನ್ನೊಬ್ಬರಿಗೆ ಎರಡೂ ಬೇಡ, ಅನುದಾನದ ಅಂಕಿ ಓದಿದರೆ ಮುಗಿಯಿತು. ಸತ್ತವರನ್ನೂ ಜಾತಿ ನೋಡಿ ಎಣಿಸುವ ಇವರಿಗೆ ನಾಚಿಕೆಯಾದರೂ ಬೇಡವೇ? ಜೀವದ ಹಂಗು ತೊರೆದು ಮುಸ್ಲಿಂ ನೆರೆಯವರನ್ನು ಉಳಿಸಿದ ಹಿಂದೂಗಳ ಸಂಗತಿಯೂ ಅದೇ ವರದಿಯಲ್ಲಿದೆ. ಅದನ್ನು ಹೇಳಿದರೆ ಯಾರಪ್ಪನ ಗಂಟು ಹೋಗುತ್ತಿತ್ತು?

6. ಉಪಸಂಹಾರ

ಹಳೆಯದು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ನಮ್ಮ ಕಡೆ ಹೊಲದ ತಕರಾರು ಎದ್ದರೆ ನಿಜಾಮನ ಕಾಲದ ಉರ್ದು ಕಾಗದ ಓದುವವರನ್ನು ಇಂದಿಗೂ ಹುಡುಕಬೇಕು. ಹೊಲಕ್ಕೇ ಇಷ್ಟು ಬೇಕಾದರೆ ಊರಿಗೆ ಎಷ್ಟು ಬೇಕು! ನಾವು ಅರ್ಧ ಹೇಳಿ ಬಿಟ್ಟರೆ, ಉಳಿದರ್ಧವನ್ನು ಚುನಾವಣೆ ಬಂದಾಗ ಯಾರೋ ಬಂದು ತಮಗೆ ಬೇಕಾದಂತೆ ಹೇಳುತ್ತಾರೆ. ಆಗ ನಮ್ಮ ಹುಡುಗರು ಅದನ್ನೇ ಪೂರ್ತಿ ನಂಬುತ್ತಾರೆ.

1948 ಕಂಡು ನೆನಪಿಟ್ಟವರಿಗೆ ಈಗ ಎಂಬತ್ತು ದಾಟಿದೆ. ಎಲ್ಲ ಓಣಿಗಳಲ್ಲೂ ಕೂತು ಅವರ ಮಾತು ಬರೆದುಕೊಳ್ಳಲು ಒಬ್ಬ ಮಾಸ್ತರ, ಒಂದು ನೋಟ್‌ಬುಕ್ ಸಾಕು. ಮುಂದಿನ ಸೆಪ್ಟೆಂಬರ್ 17ಕ್ಕೆ ಅದನ್ನು ಓದಿಸಿರಿ. ಭಾಷಣ ಒಂದು ವರ್ಷ ಕಾಯಲಿ. ಆ ಮುದುಕರು ಕಾಯುವಂತಿಲ್ಲ.